ಹೊಲಿಗೆಯ ಗುರುತು ಮಾಸುವ ಮೊದಲೇ ಕಾಲೇಜು ಶುರುವಾದರೆ

ಮಳೆಗಾಲ ಬಂತೆಂದರೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಬಸ್ ನಿಲ್ದಾಣಗಳಲ್ಲಿ ಹೊಸ ಮುಖಗಳು ಕಾಣತೊಡಗುತ್ತವೆ. ಪಿಯುಸಿ ಮುಗಿಸಿ ಪದವಿಗೆ ಸೇರಿದ ಹುಡುಗ ಹುಡುಗಿಯರು ಹೊಸ ಚೀಲ ಹೆಗಲಿಗೇರಿಸಿ ಬಸ್ಸಿಗೆ ಕಾಯುತ್ತಿರುತ್ತಾರೆ. ಗೆಳೆಯರು ಸಿಗುತ್ತಾರೋ ಇಲ್ಲವೋ, ಪಾಠ ತಿಳಿಯುತ್ತದೋ ಇಲ್ಲವೋ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಆದರೆ ಕೆಲವರಿಗೆ ಇನ್ನೊಂದು ಅಳುಕು ಇರುತ್ತದೆ. ಅದನ್ನು ಅವರು ಮನೆಯಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಬೇಸಿಗೆ ರಜೆಯಲ್ಲಿ ಮುಖಕ್ಕೆ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಬಾವು ಇನ್ನೂ ಇಳಿದಿರುವುದಿಲ್ಲ. ತುಟಿಯ ಮೇಲಿನ ಗೆರೆ ಕೆಂಪಗೇ ಇರುತ್ತದೆ. 'ಈ ಮುಖ ಹೊತ್ತುಕೊಂಡು ಗುರುತಿಲ್ಲದ ನೂರು ಜನರ ಮುಂದೆ ಹೇಗೆ ಕೂರಲಿ?' ಎಂಬ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದೆ.

ಇಂಥ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, "ಈ ವರ್ಷ ಬ್ಯಾಡ ಬಿಡವ್ವಾ, ಎಲ್ಲಾ ಆರಿದ ಮ್ಯಾಲೆ ಮುಂದಿನ ವರ್ಷ ಹೋಗೀಯಂತ." ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ನಮ್ಮ ಕಡೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಮುಂದಿನ ವರ್ಷಕ್ಕೆ ಹೋದ ಓದು ಎಷ್ಟೋ ಸಲ ತಿರುಗಿ ಬರುವುದಿಲ್ಲ. ಅಷ್ಟರಲ್ಲಿ ಮದುವೆಯ ಮಾತು ಬರುತ್ತದೆ, ಹೊಲದ ಕೆಲಸ ಬರುತ್ತದೆ, ಮನಸ್ಸೂ ತಣ್ಣಗಾಗುತ್ತದೆ. ಅದಕ್ಕೇ ಈ ವಾರ ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಇದನ್ನು ಓದಲಿ ಎಂಬ ಆಸೆ.

ಇದೇ ವಯಸ್ಸಿಗೆ ಯಾಕೆ?

ಮಕ್ಕಳೇ, ಕಾಲೇಜು ಸೇರುವ ಹೊತ್ತಿಗೇ ಆಪರೇಷನ್ ಯಾಕೆ ಬರುತ್ತದೆ ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣವಿದೆ.

ಸೀಳುತುಟಿಯನ್ನು ನೀವು ನೋಡಿರಬಹುದು. ಮೇಲ್ತುಟಿ ಸೀಳಿದಂತೆ ಇರುತ್ತದೆ. ಕೆಲವು ಕೂಸುಗಳಿಗೆ ಬಾಯಿಯ ಅಂಗುಳವೂ ಕೂಡಿರುವುದಿಲ್ಲ. ಪ್ರಪಂಚದಲ್ಲಿ ಸುಮಾರು 700 ಕೂಸುಗಳಿಗೆ ಒಂದು ಹೀಗೆ ಹುಟ್ಟುತ್ತದೆ ಎಂಬುದು ವೈದ್ಯರ ಲೆಕ್ಕ. ಇದಕ್ಕೆ ಒಂದೇ ಆಪರೇಷನ್ ಸಾಲುವುದಿಲ್ಲ. ತುಟಿಯನ್ನು 3ರಿಂದ 6 ತಿಂಗಳ ಕೂಸಿಗೇ ಹೊಲಿಯುತ್ತಾರೆ. ಅಂಗುಳವನ್ನು ಸುಮಾರು 9ರಿಂದ 18 ತಿಂಗಳೊಳಗೆ ಮುಚ್ಚುತ್ತಾರೆ. ಒಸಡಿನ ಎಲುಬಿನಲ್ಲಿ ಸಂದಿ ಇದ್ದರೆ, ಕೋರೆಹಲ್ಲು ಬರುವ ಮೊದಲು, ಅಂದರೆ 8ರಿಂದ 11 ವರ್ಷದ ಒಳಗೆ, ಬೇರೆ ಕಡೆಯಿಂದ ಎಲುಬು ತಂದು ತುಂಬುತ್ತಾರೆ. ಕಡೆಯ ಹಂತ ದವಡೆ ಮತ್ತು ಮೂಗಿನದು. ಮುಖದ ಎಲುಬು ಬೆಳೆಯುತ್ತಿರುವಾಗ ದವಡೆಯನ್ನು ಸರಿಪಡಿಸಿದರೆ ಅದು ಮತ್ತೆ ಏರುಪೇರಾಗಬಹುದು. ಆದ್ದರಿಂದ ಬೆಳವಣಿಗೆ ನಿಲ್ಲುವ ತನಕ ಕಾಯುತ್ತಾರೆ. ಹುಡುಗಿಯರಿಗೆ ಅದು 16ರ ಆಸುಪಾಸು, ಹುಡುಗರಿಗೆ 18ರ ಆಸುಪಾಸು. ಪಿಯುಸಿ ಮುಗಿಯುವುದೂ ಆಗಲೇ.

ಎಲ್ಲರದೂ ಸೀಳುತುಟಿಯೇ ಎಂದಲ್ಲ. ಬೈಕಿನಿಂದ ಬಿದ್ದು ದವಡೆ ಮುರಿದವರಿದ್ದಾರೆ, ಒಲೆಯ ಬೆಂಕಿಯಲ್ಲಿ ಸುಟ್ಟವರಿದ್ದಾರೆ, ಗಡ್ಡೆ ತೆಗೆಸಿಕೊಂಡವರಿದ್ದಾರೆ. ಕಾರಣ ಬೇರೆಯಾದರೂ ಕಾಲೇಜಿನ ಬಾಗಿಲಲ್ಲಿ ಕಾಡುವ ಅಳುಕು ಒಂದೇ.

ಗಾಯಕ್ಕೂ ಅದರದೇ ಪಂಚಾಂಗವಿದೆ

ಹೊಲಿಗೆ ಬಿಚ್ಚಿದ ಕೂಡಲೇ ಮುಖ ತನ್ನ ಕೊನೆಯ ರೂಪಕ್ಕೆ ಬಂತು ಎಂದು ಎಷ್ಟೋ ಜನ ತಿಳಿಯುತ್ತಾರೆ. ಕನ್ನಡಿ ನೋಡಿ, 'ಇಷ್ಟೇನಾ? ಇಷ್ಟಕ್ಕೆ ಇಷ್ಟೆಲ್ಲ ನೋವು ತಿಂದೆನಾ?' ಎಂದು ಅಳುತ್ತಾರೆ. ಆಗ ಕಾಣುವುದು ಅರ್ಧ ಮುಗಿದ ಕೆಲಸ. ಗಾಯದ ಗುರುತು ಮೊದಲ ಎರಡು ಮೂರು ತಿಂಗಳು ಕೆಂಪಾಗಿ, ಗಟ್ಟಿಯಾಗಿ, ತುಸು ಉಬ್ಬಿ ಇರುತ್ತದೆ. ಆಮೇಲೆ ಮೆಲ್ಲಗೆ ಮೆತ್ತಗಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ಅದು ಪೂರ್ತಿ ಮಾಗಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕು. ದವಡೆಯ ಆಪರೇಷನ್ ಆದವರಿಗೆ ಬಾವು ಬಹುಪಾಲು ಕೆಲವು ವಾರಗಳಲ್ಲಿ ಇಳಿದರೂ ಉಳಿದದ್ದು ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ಕೆಳತುಟಿ, ಗದ್ದ ಕೆಲವು ತಿಂಗಳು ಜೋಮು ಹಿಡಿದಂತೆ ಇರಬಹುದು. ಹಲ್ಲುಗಳಿಗೆ ರಬ್ಬರ್ ಪಟ್ಟಿ ಕಟ್ಟಿದ್ದರೆ ಮಾತು ಸ್ಪಷ್ಟವಾಗಿ ಹೊರಡುವುದಿಲ್ಲ.

ಜೋಳದ ರೊಟ್ಟಿ ಇಲ್ಲದೆ ಊಟ ಮುಗಿಯದ ನಾಡಿನಲ್ಲಿ ಇನ್ನೊಂದು ಸಂಕಟ. ದವಡೆ ಕೂಡುವವರೆಗೆ, ಸುಮಾರು ಆರು ವಾರ, ಅಗಿಯುವಂಥದ್ದು ಏನೂ ಕೂಡದು. ಅಂಬಲಿ, ತೆಳ್ಳನೆಯ ಗಂಜಿ, ಬೇಳೆಕಟ್ಟು, ಹಾಲು, ಮಜ್ಜಿಗೆ ಇವೇ ಗತಿ. ಮಧ್ಯಾಹ್ನ ಗೆಳತಿಯರೆಲ್ಲ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಾಗ ತಾನೊಬ್ಬಳೇ ಅಂಬಲಿಯ ಬಾಟಲಿ ತೆಗೆಯಬೇಕಲ್ಲ ಎಂಬ ಸಂಕೋಚಕ್ಕೆ ಊಟವನ್ನೇ ಬಿಡುವವರುಂಟು. ಹಾಗೆ ಮಾಡಬಾರದು. ಗಾಯ ಮಾಗುವುದಕ್ಕೆ ಹೊಟ್ಟೆ ತುಂಬಿರಬೇಕು. ಅಜ್ಜಿಯರೇ, ಇಲ್ಲಿ ನಿಮ್ಮ ಕೈಗುಣ ಬೇಕು. ಒಂದು ದಿನ ಸಜ್ಜೆ ಗಂಜಿ, ಒಂದು ದಿನ ರಾಗಿ, ಒಂದು ದಿನ ಹೆಸರುಬೇಳೆ ಕಟ್ಟು ಎಂದು ದಿನಕ್ಕೊಂದು ಬಗೆ ಮಾಡಿ ಕೊಡಿ.

ಬಿಸಿಲಿನ ವಿಷಯದಲ್ಲಿ ಎಚ್ಚರ ಬೇಕು. ರಾಯಚೂರು ಜಿಲ್ಲೆಯ ಬಿಸಿಲು ಹೊಸ ಗಾಯದ ಗುರುತನ್ನು ಕಪ್ಪಾಗಿಸುತ್ತದೆ. ಕೊಡೆ, ಟೊಪ್ಪಿಗೆ, ತಲೆಯ ಮೇಲಿನ ಸೆರಗು ಯಾವುದಾದರೂ ಸರಿ. ಯಾವ ಮುಲಾಮು ಹಚ್ಚಬೇಕೆಂಬುದನ್ನು ಮಾತ್ರ ವೈದ್ಯರನ್ನೇ ಕೇಳಿ. ಅವರನ್ನು ಕೇಳದೆ ಅರಿಶಿನ, ಸುಣ್ಣ, ನಿಂಬೆರಸ ಹಚ್ಚಬೇಡಿ. ಜ್ವರ ಬಂದರೆ, ಕೀವು ಕಂಡರೆ, ಇಳಿಯಬೇಕಾದ ಬಾವು ಏರತೊಡಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಗ್ರಹಣದ ಮಾತು

ಈಗ ಹಿರಿಯರ ಜೊತೆ ಒಂದು ಮಾತು. ಸೀಳುತುಟಿಯ ಕೂಸು ಹುಟ್ಟಿದರೆ, "ಬಸುರಿ ಇದ್ದಾಗ ಗ್ರಹಣದ ದಿನ ಏನೋ ಕೊಯ್ದಿರಬೇಕು" ಎಂದು ತಾಯಿಯ ಮೇಲೆ ಹಾಕುವ ರೂಢಿ ನಮ್ಮ ಊರುಗಳಲ್ಲಿದೆ. ಹದಿನೆಂಟು ವರ್ಷವಾದರೂ ಆ ಮಾತು ಸಾಯುವುದಿಲ್ಲ. ಮಗಳ ಆಪರೇಷನ್ ಆದಾಗಲೂ ತಾಯಿ ಅದೇ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ಮಗಳ ಕಿವಿಗೂ ಅದು ಬೀಳುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಹೊಟ್ಟೆಯೊಳಗಿನ ಕೂಸಿನ ಮೇಲ್ತುಟಿ ಕೂಡಿಕೊಳ್ಳುವುದು 4ರಿಂದ 7ನೆಯ ವಾರದೊಳಗೆ. ಆ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಖಾತ್ರಿಯಾಗಿರುವುದಿಲ್ಲ. ಐದನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ಬಂದ ಗ್ರಹಣ, ಆಗಲೇ ಕೂಡಿಹೋದ ತುಟಿಯನ್ನು ಸೀಳುವುದು ಹೇಗೆ? ಗ್ರಹಣವಿಲ್ಲದ ತಿಂಗಳಲ್ಲಿ ಬೆಳೆದ ಕೂಸುಗಳಿಗೂ ಸೀಳುತುಟಿ ಇರುತ್ತದಲ್ಲ? ವೈದ್ಯರು ಹೇಳುವ ಕಾರಣಗಳು ಬೇರೆ. ವಂಶವಾಹಿ ಒಂದು. ಫೋಲಿಕ್ ಆಮ್ಲದ ಕೊರತೆ, ತಂಬಾಕಿನ ಹೊಗೆ, ಬಸುರಿಯಲ್ಲಿ ತೆಗೆದುಕೊಂಡ ಕೆಲವು ಔಷಧಿ ಇನ್ನು ಕೆಲವು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಅಪಾಯ ತುಸು ಹೆಚ್ಚು. ಎಷ್ಟೋ ಸಲ ಇದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ವೈದ್ಯರಿಗೂ ಆಗುವುದಿಲ್ಲ. ಒಟ್ಟಿನಲ್ಲಿ ತಾಯಿ ಈಳಿಗೆ ಹಿಡಿದದ್ದರಿಂದ ಆದದ್ದಲ್ಲ. ಮನೆಯ ಹಿರಿಯರೊಬ್ಬರು ಇದನ್ನು ನಾಲ್ಕು ಜನರ ಮುಂದೆ ಒಮ್ಮೆ ಗಟ್ಟಿಯಾಗಿ ಹೇಳಿದರೆ ಆ ತಾಯಿಯ ತಲೆಯ ಮೇಲಿನ ಎಷ್ಟೋ ವರ್ಷದ ಹೊರೆ ಇಳಿಯುತ್ತದೆ.

ನಮ್ಮ ನೆಲದ್ದೇ ವಿದ್ಯೆ

ಮಕ್ಕಳೇ, 'ಪ್ಲಾಸ್ಟಿಕ್ ಸರ್ಜರಿ' ಎಂದರೆ ಮುಖಕ್ಕೆ ಪ್ಲಾಸ್ಟಿಕ್ ಅಂಟಿಸುವುದಲ್ಲ. ಆ ಹೆಸರು ಬಂದದ್ದು ಆಕಾರ ಕೊಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ. ಕುಂಬಾರ ಮಣ್ಣಿಗೆ ಆಕಾರ ಕೊಡುವಂತೆ ವೈದ್ಯರು ಚರ್ಮಕ್ಕೆ, ಎಲುಬಿಗೆ ಆಕಾರ ಕೊಡುತ್ತಾರೆ. ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮ ನಮ್ಮ ಸುಶ್ರುತ ಸಂಹಿತೆಯಲ್ಲಿ ಆಗಲೇ ಇದೆ.

ಕರ್ನಾಟಕದ ಇತಿಹಾಸಕ್ಕೂ ಇದಕ್ಕೂ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಆ ಸಂಗತಿ 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಈ ಭಾರತೀಯ ಕ್ರಮವನ್ನೇ ಅನುಸರಿಸಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಆಪರೇಷನ್ ಮಾಡಿದ. ಅಂದರೆ ಮುಖದ ಗುರುತು ಹೊತ್ತು ಕಾಲೇಜಿಗೆ ಹೋಗುವ ನಿಮ್ಮ ಅಕ್ಕನ ಹಿಂದೆ ದೊಡ್ಡದೊಂದು ಪರಂಪರೆಯೇ ಇದೆ.

ಎಲ್ಲರೂ ನನ್ನನ್ನೇ ನೋಡುತ್ತಾರಾ?

ಕೊಠಡಿಯೊಳಗೆ ಕಾಲಿಟ್ಟ ಕೂಡಲೇ ಎಲ್ಲ ಕಣ್ಣೂ ನನ್ನ ಮುಖದ ಮೇಲೇ ಎಂದು ಅನಿಸುತ್ತದೆ. ಇದು ಎಷ್ಟು ನಿಜ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಅಂಗಿಯನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ತೊಡಿಸಿ ಜನ ಕೂತಿದ್ದ ಕೊಠಡಿಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಅಂಗಿಯ ಚಿತ್ರ ಗುರುತಿಸಿರುತ್ತಾರೆ ಎಂದು ತೊಟ್ಟವರು ಎಣಿಸಿದ್ದರು. ನಿಜಕ್ಕೂ ಗುರುತಿಸಿದವರು ಸುಮಾರು ಕಾಲು ಭಾಗ ಮಾತ್ರ. 2000ದಲ್ಲಿ ಇದು ಪ್ರಕಟವಾಯಿತು.

ಇದಕ್ಕಿಂತ ಸೋಜಿಗದ್ದು 1980ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ರಾಬರ್ಟ್ ಕ್ಲೆಕ್ ಮತ್ತು ಆಂಜೆಲೊ ಸ್ಟ್ರೆಂಟಾ ಎಂಬ ಮನಶ್ಶಾಸ್ತ್ರಜ್ಞರು ಕೆಲವರ ಮುಖದ ಮೇಲೆ ಬಣ್ಣದಿಂದ ಗಾಯದ ಗುರುತು ಬರೆದು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ಗುರುತು ಒಣಗದಿರಲೆಂದು ಕ್ರೀಮು ಹಚ್ಚುವ ನೆಪದಲ್ಲಿ, ಅವರಿಗೆ ತಿಳಿಯದಂತೆ ಅದನ್ನು ಪೂರಾ ಒರೆಸಿಬಿಟ್ಟರು. ಗುರುತು ಇನ್ನೂ ಇದೆ ಎಂದೇ ನಂಬಿ ಅವರು ಬೇರೆಯವರೊಡನೆ ಮಾತಾಡಿ ಬಂದರು. ಬಂದವರು ಹೇಳಿದ್ದೇನು? ಎದುರಿನವರು ನನ್ನ ಗುರುತನ್ನೇ ನೋಡುತ್ತಿದ್ದರು, ಮುಜುಗರ ಪಡುತ್ತಿದ್ದರು ಎಂದು. ಇಲ್ಲದ ಗುರುತನ್ನು ಯಾರು ನೋಡಲು ಸಾಧ್ಯ?

ಹಾಗೆಂದು, ಯಾರೂ ನೋಡುವುದೇ ಇಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದು ಹೇಳಿದರೆ ಅದು ಸುಳ್ಳು. ನೋಡುವವರಿದ್ದಾರೆ. ಬಸ್ಸಿನಲ್ಲಿ ಕತ್ತು ತಿರುಗಿಸಿ ನೋಡುತ್ತಾರೆ, ಸಂತೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಈ ಪ್ರಯೋಗಗಳಿಂದ ತಿಳಿಯುವುದು ಇಷ್ಟೇ: ನಾವು ಎಣಿಸಿದಷ್ಟು ಜನ ನೋಡುವುದಿಲ್ಲ, ನೋಡಿದವರೆಲ್ಲ ಕೆಟ್ಟದ್ದನ್ನು ಎಣಿಸಿರುವುದೂ ಇಲ್ಲ. ಉಳಿದ ಕೆಲವರನ್ನು ಎದುರಿಸಲು ಒಂದು ಉಪಾಯ ಕೈಯಲ್ಲಿದ್ದರೆ ಸಾಕು.

ಸಿದ್ಧ ಉತ್ತರ

ಆ ಉಪಾಯ ಬಲ್ಲವರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಾರ್ಟ್ರಿಜ್ ಒಬ್ಬರು. 1970ರಲ್ಲಿ, ಅವರಿಗೆ 18 ವರ್ಷವಾಗಿದ್ದಾಗ, ಕಾರಿಗೆ ಬೆಂಕಿ ಹತ್ತಿ ಮುಖ ಸುಟ್ಟಿತು. ವರ್ಷಗಟ್ಟಲೆ ಆಪರೇಷನ್‌ಗಳಾದವು. ಅದರ ನಡುವೆಯೇ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಮುಂದೆ ಹೈನುಗಾರಿಕೆ ಮಾಡಿದರು, ಪಾಠ ಹೇಳಿದರು. 1992ರಲ್ಲಿ ತಮ್ಮಂಥವರಿಗಾಗಿ 'ಚೇಂಜಿಂಗ್ ಫೇಸಸ್' ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಹೇಳಿಕೊಡುವ ಕ್ರಮ ಬಹಳ ಸರಳ. ಯಾರಾದರೂ ಕೇಳಿದರೆ ಒಂದು ಮಾತಿನಲ್ಲಿ ತಿಳಿಸಿ, ಒಂದು ಮಾತಿನಲ್ಲಿ ಸಮಾಧಾನ ಹೇಳಿ, ಮಾತನ್ನು ಬೇರೆ ಕಡೆ ತಿರುಗಿಸಿ.

ನಮ್ಮ ಮಾತಿನಲ್ಲಿ ಅದು ಹೀಗಾಗುತ್ತದೆ.

"ಮುಖಕ್ಕ ಏನಾಗ್ಯದವ್ವಾ?"

"ಆಪರೇಷನ್ ಆಗ್ಯದ ರೀ. ಈಗ ಆರಾಮ ಅದೀನಿ. ಈ ಬಸ್ಸು ಸಿಂಧನೂರಿಗೆ ಎಷ್ಟೊತ್ತಿಗೆ ಮುಟ್ಟತದ?"

ಇಷ್ಟೇ. ಪೂರ್ತಿ ಕಥೆ ಹೇಳಬೇಕೆಂಬ ಕಟ್ಟು ಯಾರಿಗೂ ಇಲ್ಲ. ಮನೆಯಲ್ಲಿ ತಾತನ ಮುಂದೆಯೋ ತಮ್ಮನ ಮುಂದೆಯೋ ಹತ್ತು ಸಲ ಹೇಳಿ ರೂಢಿ ಮಾಡಿಕೊಂಡರೆ ಹನ್ನೊಂದನೆಯ ಸಲ ಬಸ್ಸಿನಲ್ಲಿ ನಾಲಿಗೆ ತೊಡರುವುದಿಲ್ಲ.

ಕಾಲೇಜಿಗೆ ಸೇರುವವರು ಇನ್ನೂ ಕೆಲವು ಕೆಲಸ ಮಾಡಬಹುದು. ತರಗತಿ ಶುರುವಾಗುವ ಮೊದಲು ಒಂದು ದಿನ ಹೋಗಿ ಕಾಲೇಜು ನೋಡಿ ಬನ್ನಿ. ಗ್ರಂಥಾಲಯ, ನೀರಿನ ನಲ್ಲಿ, ಶೌಚಾಲಯ ಎಲ್ಲಿವೆ ಎಂದು ತಿಳಿದಿದ್ದರೆ ಮೊದಲ ದಿನದ ಅರ್ಧ ಅಳುಕು ಕಡಿಮೆ. ಪ್ರಾಂಶುಪಾಲರಿಗೋ ತರಗತಿಯ ಅಧ್ಯಾಪಕರಿಗೋ ವೈದ್ಯರ ಚೀಟಿ ತೋರಿಸಿ, ತಪಾಸಣೆಗೆ ಹೋಗುವ ದಿನಗಳನ್ನು ಮೊದಲೇ ಹೇಳಿಡಿ. ಹಾಜರಾತಿಯ ಗೊಂದಲ ತಪ್ಪುತ್ತದೆ. ಬಾಯಿ ಇನ್ನೂ ಸರಿಯಾಗಿ ತೆರೆಯದಿದ್ದರೆ ಎದ್ದು ನಿಂತು ಪರಿಚಯ ಹೇಳುವುದನ್ನು ಎರಡು ವಾರ ಮುಂದೂಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಪರಿಚಯದವರು ಒಬ್ಬರು ಅದೇ ಕಾಲೇಜಿನಲ್ಲಿದ್ದರೆ ಮೊದಲ ವಾರ ಅವರ ಜೊತೆ ಹೋಗಿ. ಹಿಂದಿನ ಬೆಂಚಿಗೆ ಓಡಬೇಡಿ, ನಡುವೆ ಕೂರಿ. ಅಕ್ಕಪಕ್ಕ ಇಬ್ಬರು ಸಿಗುತ್ತಾರೆ.

ಮಾಸ್ಕು, ದುಪಟ್ಟಾದ ವಿಷಯ. ಧೂಳು, ಬಿಸಿಲಿಗೆ ಕಟ್ಟಿಕೊಂಡರೆ ಒಳ್ಳೆಯದೇ. ಆದರೆ ತರಗತಿಯೊಳಗೆ ಮೊದಲ ದಿನವೇ ಮುಚ್ಚಿಕೊಂಡರೆ ಎರಡನೆಯ ದಿನ ತೆಗೆಯುವುದು ಕಷ್ಟ, ಮೂರನೆಯ ದಿನ ಇನ್ನೂ ಕಷ್ಟ. ಮುಖ ಮೊದಲೇ ಕಂಡಿದ್ದರೆ ವಾರದೊಳಗೆ ಎಲ್ಲರ ಕಣ್ಣಿಗೂ ಅದು ರೂಢಿಯಾಗುತ್ತದೆ.

ಅಣಕಿಸಿದರೆ? ಒಬ್ಬರ ಮುಖವನ್ನು ಆಡಿಕೊಂಡು ಕಾಡುವುದೂ ರ‍್ಯಾಗಿಂಗ್. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮದ ಪ್ರಕಾರ ಪ್ರತಿ ಕಾಲೇಜೂ ಅದನ್ನು ತಡೆಯಲೇಬೇಕು. ದೇಶಕ್ಕೆಲ್ಲ ಒಂದೇ ಉಚಿತ ಸಹಾಯವಾಣಿ ಇದೆ: 1800-180-5522. ಬರೆದಿಟ್ಟುಕೊಳ್ಳಿ.

ದಿಟ್ಟಿಸದ ಊರು

ಇನ್ನು ಉಳಿದದ್ದು ನೋಡುವವರ ಪಾಲಿನ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ವಿಮಾನಕ್ಕೆ ಬೆಂಕಿ ಬಿದ್ದು ಮುಖ, ಕೈ ಸುಟ್ಟ ಯೋಧರಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಪಟ್ಟಣದಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ವೈದ್ಯ ಆರ್ಚಿಬಾಲ್ಡ್ ಮೆಕಿಂಡೊ ಗಾಯ ಹೊಲಿದು ಸುಮ್ಮನಾಗಲಿಲ್ಲ. ಊರಿನವರ ಸಹಾಯವನ್ನೂ ಕೇಳಿದರು: ಇವರು ಬೀದಿಗೆ ಬಂದಾಗ ದಿಟ್ಟಿಸಬೇಡಿ, ಮುಖ ತಿರುಗಿಸಲೂ ಬೇಡಿ, ಮನೆಗೆ ಊಟಕ್ಕೆ ಕರೆಯಿರಿ ಎಂದರು. ಊರು ಒಪ್ಪಿತು. ಅಂಗಡಿಯವರು, ಮನೆಯವರು ಎಲ್ಲರೂ ಅವರೊಡನೆ ಸಹಜವಾಗಿ ನಡೆದುಕೊಂಡರು. ಆ ಪಟ್ಟಣಕ್ಕೆ 'ದಿಟ್ಟಿಸದ ಊರು' ಎಂಬ ಹೆಸರೇ ಬಂತು.

ನಮ್ಮ ಊರುಗಳಿಗೆ ಇದೇನು ದೊಡ್ಡ ಮಾತಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1915ರಲ್ಲಿ, ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಅದು ಬಿತ್ತು. ಅಲ್ಲಲ್ಲಿ ಅಕ್ಷರ ಸವೆದು ಒಡೆದಿದ್ದರೂ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ತಿಳಿಸಿದ್ದು ಆ ಬಂಡೆಯೇ. ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲಕ್ಕೇರಬಲ್ಲರು ಎಂಬುದು ಆ ಶಾಸನದ ಸಾರ. ಅದನ್ನು ನೋಡಲು ಹೋದವರು ಬಂಡೆ ಎಲ್ಲೆಲ್ಲಿ ಒಡೆದಿದೆ ಎಂದು ಎಣಿಸುವುದಿಲ್ಲ, ಏನು ಬರೆದಿದೆ ಎಂದು ಓದುತ್ತಾರೆ. ಮನುಷ್ಯರ ಮುಖವನ್ನೂ ಹಾಗೇ ಓದಬಹುದು.

ಶಾಲೆಯ ಮಕ್ಕಳೇ, ಮುಖದಲ್ಲಿ ಗುರುತಿರುವವರು ಎದುರಾದರೆ ಅವರ ಕಣ್ಣು ನೋಡಿ ಮಾತಾಡಿ. ಏನಾಯಿತು ಎಂದು ಕೇಳುವ ಮೊದಲು ಹೆಸರೇನು ಎಂದು ಕೇಳಿ. ಗೆಳೆಯರು ಅಡ್ಡಹೆಸರು ಇಟ್ಟರೆ ನೀವು ಆ ಹೆಸರು ಕರೆಯಬೇಡಿ. ನಿಮ್ಮದೇ ತರಗತಿಯಲ್ಲಿ ಸೀಳುತುಟಿ ಅಥವಾ ಅಂಗುಳದ ತೊಂದರೆ ಇರುವವರಿದ್ದರೆ ಗುರುಗಳ ಗಮನಕ್ಕೆ ತನ್ನಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ತಪಾಸಣೆ ಮಾಡಿ ಚಿಕಿತ್ಸೆಗೆ ಕಳಿಸುತ್ತಾರೆ. ಸೀಳುತುಟಿ, ಸೀಳು ಅಂಗುಳ ಆ ಪಟ್ಟಿಯಲ್ಲಿವೆ. 18 ತುಂಬುವ ಮೊದಲೇ ವಿಚಾರಿಸುವುದು ಲೇಸು. ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಮುಖದ ಚಿಕಿತ್ಸೆಗೆಂದೇ ಒಂದು ಘಟಕವಿದೆ.

ಅಜ್ಜ ಅಜ್ಜಿಯರೇ, 'ಅಯ್ಯೋ ಪಾಪ' ಎಂಬ ಮಾತನ್ನು ಮೊಮ್ಮಗಳ ಮುಂದೆ ಆಡಬೇಡಿ. 'ಮೊದಲಿನಕ್ಕಿಂತ ಎಷ್ಟು ಚೆಂದ ಆದಿ' ಎಂದು ದಿನಾ ಹೇಳುವುದೂ ಬೇಡ. ಹಾಗೆಂದರೆ ಮೊದಲು ಚೆಂದ ಇರಲಿಲ್ಲ ಎಂದಂತಾಗುತ್ತದೆ. ಸಂಜೆ ಮನೆಗೆ ಬಂದಾಗ, "ಯಾರಾದ್ರೂ ಏನರ ಅಂದ್ರಾ?" ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗದಿರಲಿ. "ಇವತ್ತು ಯಾವ ಪಾಠ ಆಯ್ತವ್ವಾ? ಬಾಜೂಕ ಯಾರು ಕುಂತಿದ್ರು?" ಎಂದು ಕೇಳಿ. ಕಾಲೇಜಿಗೆ ಕಳಿಸಿದ್ದು ಅದಕ್ಕೇ ತಾನೆ?

ಈ ವಾರದ ಕೆಲಸ: ಮೊಮ್ಮಕ್ಕಳು ಬಸ್ಸಿನಲ್ಲಿ ಕುತೂಹಲದಿಂದ ಕೇಳುವವರಾಗಲಿ, ಅಜ್ಜ ಅಜ್ಜಿ ಆಪರೇಷನ್ ಆದವರಾಗಲಿ. ಒಂದೇ ಮಾತಿನ ಉತ್ತರ ಕೊಟ್ಟು ಮಾತು ತಿರುಗಿಸಲು ಯಾರಿಗೆ ಬರುತ್ತದೆ ನೋಡಿ. ಆಮೇಲೆ ಪಾತ್ರ ಅದಲುಬದಲು ಮಾಡಿಕೊಳ್ಳಿ.